ಕಾವಲು ಜೋಡಿ

ನನ್ನ ಕೋಣೆಯ ಗೋಡೆಯಾಚೆ ಹಲ್ಲಿನ ಡಾಕ್ಟರ್ ಕೂರುತ್ತಾರೆ. ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ಕಟ್ಟಿಸಿದವರಿಗೆ ಹಲ್ಲಿಗೂ ಮನಸ್ಸಿಗೂ ಅಂಥ ವ್ಯತ್ಯಾಸವೇನೂ ಕಂಡಿರಲಿಲ್ಲವೋ ಏನೋ, ಮಧ್ಯೆ ಒಂದು ತೆಳ್ಳನೆಯ ಹಲಗೆ ನಿಲ್ಲಿಸಿ ಕೈತೊಳೆದುಕೊಂಡಿದ್ದಾರೆ. ಯಾವುದಾದರೂ ಹುಡುಗಿ ನನ್ನೆದುರು ಕೂತು ಬಾಯಿ ಬಿಡುವ ಹೊತ್ತಿಗೆ ಸರಿಯಾಗಿ ಆಚೆ ಕೊರೆಯುವ ಯಂತ್ರ ಶುರುವಾಗುತ್ತದೆ. ಆಗ ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡು ಕೂರುತ್ತೇವೆ. ಹಲ್ಲಿನದು ಮುಗಿದ ಮೇಲೆ ಮನಸ್ಸಿನದು. ಹದಿನೆಂಟು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು ಮಕ್ಕಳ ಗೋಳು ಕೇಳುತ್ತಿದ್ದೇನೆ. ನನಗೆ ಸುಸ್ತಾಗಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನನ್ನ ಬಳಿಗೆ ಬರುವವರಲ್ಲಿ ಅರ್ಧ ಜನ ಫೋನಿನವರು, ಅರ್ಧ ಜನ ಗಾಂಜಾದವರು. ತಾವಾಗಿ ಬಂದವರು ಕಮ್ಮಿ, ಯಾರೋ ಕತ್ತು ಹಿಡಿದು ಕಳಿಸಿದವರೇ ಜಾಸ್ತಿ. ಯಾಕಪ್ಪಾ ಎಂದು ಕೇಳಿದರೆ ಫೋನಿನವನು 'ಟೈಂಪಾಸ್' ಎನ್ನುತ್ತಾನೆ, ಗಾಂಜಾದವನು 'ರಿಲ್ಯಾಕ್ಸ್' ಎನ್ನುತ್ತಾನೆ. ಎರಡೂ ಶುದ್ಧ ಸುಳ್ಳು. ಯಾವುದೋ ಒಂದು ಯೋಚನೆ ಬಂದು ಪಕ್ಕದಲ್ಲಿ ಕೂರುತ್ತದೆ, ಅದರ ಜೊತೆ ಒಬ್ಬರೇ ಕೂರಲು ಇವರಿಗೆ ಧೈರ್ಯವಿಲ್ಲ, ಅಷ್ಟೇ ಸಂಗತಿ. ಆ ಯೋಚನೆ ಯಾವುದೆಂದು ಹುಡುಕಲಿಕ್ಕೆ ನನಗೆ ಸಂಬಳ ಕೊಡುತ್ತಾರೆ. ಹುಡುಕುವಷ್ಟು ಪುರುಸೊತ್ತನ್ನು ಮಾತ್ರ ಕೊಡುವುದಿಲ್ಲ.

ಪುರುಸೊತ್ತು ಕೊಡುವ ಬದಲು ನಮ್ಮ ಕೇಂದ್ರದ ಮುಖ್ಯಸ್ಥರು, ನಾವೆಲ್ಲ ದೊಡ್ಡ ಡಾಕ್ಟರ್ ಎನ್ನುವವರು, ಈ ಸಲ ಒಂದು ಯೋಜನೆ ತಂದರು. ಯಾವುದೋ ಸಮ್ಮೇಳನಕ್ಕೆ ಹೋಗಿಬಂದರೆ ಅವರಿಗೆ ಹೀಗೊಂದು ಜ್ವರ ಬರುವುದುಂಟು. ಯೋಜನೆಯ ಹೆಸರು ಕಾವಲು ಜೋಡಿ. ಫೋನಿನವನೊಬ್ಬನನ್ನೂ ಗಾಂಜಾದವನೊಬ್ಬನನ್ನೂ ಜೋಡಿ ಮಾಡುವುದು. ಇವನಿಗೆ ಅವನು ಕಾವಲು, ಅವನಿಗೆ ಇವನು ಕಾವಲು.

"ಒಬ್ಬನ ಚಟ ಇನ್ನೊಬ್ಬನಿಗೆ ಇಲ್ಲವಲ್ಲ, ಹಾಗಾಗಿ ಆಸೆ ಹುಟ್ಟಲ್ಲ. ಎಷ್ಟು ಸರಳ ನೋಡಿ," ಎಂದರು.

"ಕುರುಡನ ಕೈಗೆ ಕುಂಟನ್ನ ಕೊಟ್ಟ ಹಾಗಾಯ್ತು ಸರ್," ಎಂದೆ.

"ಕರೆಕ್ಟ್! ಕಥೆಯಲ್ಲಿ ಅವರಿಬ್ರೂ ಊರು ಸೇರ್ತಾರಲ್ವಾ?" ಎಂದು ಅವರು ಖುಷಿಪಟ್ಟರು. ಅವರಿಗೆ ಚುಚ್ಚಿ ಮಾತಾಡಿ ಪ್ರಯೋಜನವಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಜೋಡಿಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಜೋಡಿಗೆ ನಾನು ಆರಿಸಿದ್ದು ಒಂದೇ ಹಾಸ್ಟೆಲಿನ ಅಕ್ಕಪಕ್ಕದ ಕೋಣೆಗಳ ಇಬ್ಬರನ್ನು. ಒಬ್ಬ ಗಣಿತದ ವಿದ್ಯಾರ್ಥಿ. ರಾತ್ರಿಯೆಲ್ಲ ಫೋನಿನಲ್ಲಿ ಆಟ, ವಿಡಿಯೊ, ಅದೂ ಇದೂ ನೋಡಿ ಹಗಲೆಲ್ಲ ಮಲಗುತ್ತಿದ್ದ ಅವನಿಗೆ ಹುಡುಗರು ಗೂಬೆ ಎಂದು ಹೆಸರಿಟ್ಟಿದ್ದರು. ಇನ್ನೊಬ್ಬ ಕಟ್ಟಡ ವಿನ್ಯಾಸ ಓದುವವನು, ಎರಡು ಸಲ ಗಾಂಜಾ ಸೇದಿ ಸಿಕ್ಕಿಬಿದ್ದವನು. ಅವನ ಹೆಸರು ಹೊಗೆಬಂಡಿ. ನಾನು ಹೆಸರು ಹಿಡಿದೇ ಕರೆಯುತ್ತಿದ್ದೆ, ಅವರೇ ಬೇಡವೆಂದರು. "ಹೆಸರು ಕರೆದ್ರೆ ಮನೆಯವರು ಬೈದ ಹಾಗಾಗುತ್ತೆ ಮೇಡಂ," ಎಂದ ಹೊಗೆಬಂಡಿ.

ಷರತ್ತು ಸ್ಪಷ್ಟವಾಗಿತ್ತು. ಆರನೆಯ ವಾರದ ಶುಕ್ರವಾರ ಶಿಸ್ತು ಸಮಿತಿ ಸೇರುತ್ತದೆ. ಅಷ್ಟರಲ್ಲಿ ಹೊಗೆಬಂಡಿಯ ಮೂತ್ರಪರೀಕ್ಷೆಯಲ್ಲಿ ಗಾಂಜಾದ ಸುಳಿವಿರಬಾರದು, ಗೂಬೆ ಒಂದೂ ತರಗತಿ ತಪ್ಪಿಸಿರಬಾರದು. ತಪ್ಪಿದವನು ಗಂಟುಮೂಟೆ ಕಟ್ಟಬೇಕು. ಗೂಬೆಯ ಫೋನು ಹೊಗೆಬಂಡಿಯ ಜೇಬಿನಲ್ಲಿರಬೇಕು, ದಿನಕ್ಕೊಮ್ಮೆ ಮನೆಗೆ ಮಾತಾಡಲು ಮಾತ್ರ ಕೊಡಬೇಕು. ಹೊಗೆಬಂಡಿಯ ಬಳಿ ಉಳಿದಿರುವ ಸರಕನ್ನು ಗೂಬೆ ತೆಗೆದುಕೊಂಡು ಹೋಗಿ ಎಸೆಯಬೇಕು. ಇಬ್ಬರೂ ತಲೆಯಾಡಿಸಿದರು.

ನಾಲ್ಕು ವಾರ ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು. ಹೊಗೆಬಂಡಿ ಬೆಳಿಗ್ಗೆ ಎದ್ದು ಗೂಬೆಯ ಬಾಗಿಲು ಬಡಿದು, ತಲೆಗೆ ನೀರು ಚಿಮುಕಿಸಿ, ತೋಳು ಹಿಡಿದು ತರಗತಿಯಲ್ಲಿ ಕೂರಿಸಿ ಬರುತ್ತಿದ್ದ. ಹಾಜರಿ ತುಂಬಿತ್ತು. ವಾರವಾರದ ಪರೀಕ್ಷೆಯಲ್ಲಿ ಹೊಗೆಬಂಡಿಯೂ ಶುದ್ಧನಾಗುತ್ತ ಬಂದಿದ್ದ. ದೊಡ್ಡ ಡಾಕ್ಟರು ಎರಡು ಬಣ್ಣದ ಗೆರೆಗಳಲ್ಲಿ ಇದನ್ನೆಲ್ಲ ಬರೆಸಿ ಗೋಡೆಗೆ ತೂಗುಹಾಕಿದರು. ನಾನೂ ಒಂದೆರಡು ದಿನ ನಂಬಿದೆ. ದಣಿದವರಿಗೆ ಒಳ್ಳೆಯ ಸುದ್ದಿಯನ್ನು ಕೆದಕಿ ನೋಡುವ ಮನಸ್ಸಾಗುವುದಿಲ್ಲ.

ಐದನೆಯ ವಾರ ಗೂಬೆ ಬಂದು ಕೂತ. ಮೊದಲೆಲ್ಲ ಅವನ ಮೊಣಕಾಲು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿತ್ತು, ಅವತ್ತು ಸುಮ್ಮನಿತ್ತು. ಒಳ್ಳೆಯದೇ ಆಯಿತು ಎಂದುಕೊಳ್ಳುವಷ್ಟರಲ್ಲಿ ಆಚೆ ಕಡೆ ಹಲ್ಲಿನ ಯಂತ್ರ ಗುಂಯ್ ಎಂದಿತು. ಗೂಬೆ ನಗಲು ಶುರುಮಾಡಿದ. ಯಂತ್ರ ನಿಂತರೂ ಅವನ ನಗು ನಿಲ್ಲಲಿಲ್ಲ. ಕಣ್ಣು ಕೆಂಪಗಿತ್ತು, ರೆಪ್ಪೆ ಭಾರವಾಗಿತ್ತು. ಹದಿನೆಂಟು ವರ್ಷದಲ್ಲಿ ನಾನು ಇಂಥ ಕಣ್ಣುಗಳನ್ನು ಬೇಕಾದಷ್ಟು ನೋಡಿದ್ದೇನೆ.

"ಯಾವಾಗಿಂದ?" ಎಂದು ಕೇಳಿದೆ.

ಅವನು ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. "ಅವನು ಎಸಿ ಅಂತ ಕೊಟ್ನಲ್ಲ ಮೇಡಂ, ಅವತ್ತಿಂದ. ಎಸೆಯೋಕೆ ಅಂತಲೇ ಹೋದೆ. ಕೈಯಲ್ಲಿ ಫೋನ್ ಇರ್ಲಿಲ್ಲ. ಕೈಯಲ್ಲಿ ಏನೂ ಇಲ್ದೆ ನಡೆಯೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

"ಅದು ಖಾಲಿಯಾದ ಮೇಲೆ?"

"ಅವನಿಗೆ ಮೊದಲು ಮಾರ್ತಿದ್ದವನೇ ತಂದುಕೊಡ್ತಾನೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಗೋಡೆಯ ಮೇಲಿನ ಆ ಬಣ್ಣದ ಗೆರೆಗಳ ಮೇಲೆ. "ಹೋಗಲಿ, ನಿನ್ನ ಫೋನನ್ನೇ ವಾಪಸ್ ಕೊಡಿಸ್ತೀನಿ. ಇದನ್ನ ಬಿಡು," ಎಂದೆ. ಕಳ್ಳನ ಜೊತೆ ಚೌಕಾಶಿ ಮಾಡಿದ ಹಾಗೆ.

"ಬೇಡ ಮೇಡಂ!" ಎಂದು ಅವನು ಎದ್ದೇ ನಿಂತ. "ಫೋನ್ ಬೇಡ. ಅದರೊಳಗೆ ಅಮ್ಮ ಇದ್ದಾಳೆ."

ಅವನನ್ನು ಕೂರಿಸಿ, ನೀರು ಕುಡಿಸಿ, ಉಳಿದದ್ದನ್ನು ಒಂದೊಂದೇ ತುಂಡಾಗಿ ಹೊರಗೆಳೆದೆ. ಅಮ್ಮ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಲಾರಿ ಓಡಿಸುತ್ತಾನೆ, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಗ ಶಾಲೆಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆಯುತ್ತಿದ್ದವನು. ಇಲ್ಲಿಗೆ ಬಂದ ಮೇಲೆ ಮೊದಲ ಪರೀಕ್ಷೆಯಲ್ಲೇ ಫೇಲಾದ. ತನ್ನಂಥ ನೂರಕ್ಕೆ ನೂರಿನವರು ಇಲ್ಲಿ ಬೆಂಚಿಗೆ ಐದು ಜನ ಇದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಪಾಸಾಯಿತು ಎಂದ. ಆ ಸುಳ್ಳನ್ನು ಸಾಕಲು ಇನ್ನೊಂದು ಸುಳ್ಳು, ಅದಕ್ಕೊಂದು ಮರಿ. ಅಮ್ಮ ಕೆಲಸದ ನಡುವೆ ದಿನಾ ಮೆಸೇಜು ಕಳಿಸುತ್ತಿದ್ದಳು: ಎದ್ಯಾ, ಊಟ ಆಯ್ತಾ, ಓದ್ತಾ ಇದ್ದೀಯಾ. ಆ ಮೂರನೆಯ ಪ್ರಶ್ನೆ ಕಾಣಿಸಿದ ಕೂಡಲೇ ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಒಂದು ವಿಡಿಯೊ ಹಾಕುತ್ತಿದ್ದ. ಅದು ಮುಗಿದರೆ ಪ್ರಶ್ನೆ ನೆನಪಾಗುತ್ತದಲ್ಲ, ಅದಕ್ಕೇ ಇನ್ನೊಂದು. ಹೀಗೇ ಬೆಳಗಾಗುತ್ತಿತ್ತು. ಜಗತ್ತಿನ ಕಣ್ಣಿಗೆ ಅವನು ಫೋನಿಗೆ ಅಂಟಿಕೊಂಡವನು, ನಿಜವಾಗಿ ನೋಡಿದರೆ ಫೋನಿನಿಂದ ತಪ್ಪಿಸಿಕೊಂಡು ಓಡುತ್ತಿದ್ದವನು.

"ಹಾಗಾದ್ರೆ ಈ ಐದು ವಾರ ಅಮ್ಮನ ಜೊತೆ ಮಾತೇ ಆಡಿಲ್ವಾ?"

"ಇಲ್ಲ."

"ಅವರು ಗಾಬರಿಯಾಗಿ ಹುಡುಕಿಕೊಂಡು ಬರ್ಲಿಲ್ವಾ?"

ಗೂಬೆ ತಲೆ ತಗ್ಗಿಸಿದ. "ಅವನು ನೋಡ್ಕೋತಿದ್ದಾನೆ," ಎಂದ.

ಹೊಗೆಬಂಡಿಯನ್ನು ಮರುದಿನವೇ ಕರೆಸಿದೆ. ಅವನು ಕೂತಲ್ಲಿ ಕೂರಲಿಲ್ಲ. ಬಲಗೈ ಜೇಬಿನೊಳಗೇ ಇತ್ತು. ಎರಡು ನಿಮಿಷಕ್ಕೊಮ್ಮೆ ಫೋನನ್ನು ಹೊರಗೆ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದ. ಹೀಗೆ ನೋಡುವವರನ್ನೂ ನಾನು ಸಾವಿರ ಜನ ಕಂಡಿದ್ದೇನೆ. ಫೋನನ್ನು ಮೇಜಿನ ಮೇಲೆ ಇಡು ಎಂದೆ. ಇಟ್ಟ, ಅಂಗೈಯನ್ನು ಅದರ ಮೇಲಿಂದ ತೆಗೆಯಲಿಲ್ಲ.

"ಒಂದು ದಿನ 'ಊಟ ಆಯ್ತಾ' ಅಂತ ಬಂತು ಮೇಡಂ. ಗೂಬೆಗೆ ತೋರಿಸಿದ್ರೆ ಮುಖ ಆ ಕಡೆ ತಿರುಗಿಸಿದ. ಪಾಪ ಅನ್ನಿಸಿ 'ಆಯ್ತು' ಅಂತ ಹಾಕಿದೆ. ಅಷ್ಟೇ ಮೇಡಂ, ಅಷ್ಟೇ ಹಾಕಿದ್ದು."

"ಆಮೇಲೆ?"

"ಆಮೇಲೆ, 'ಏನು ಊಟ?' ಅಂತ ಕೇಳಿದ್ರು."

ಅವನೇ ಮೆಸೇಜುಗಳನ್ನು ಮೇಲಕ್ಕೆ ತಳ್ಳುತ್ತ ತೋರಿಸಿದ. ಮೊದಮೊದಲು ಒಂದೊಂದು ಪದ. ಎರಡನೆಯ ವಾರ ಸಾಲುಗಳು. 'ಅಮ್ಮ, ಕಾಲಿನ ಬಾವು ಇಳಿದಿದೆಯಾ? ಮಧ್ಯೆ ಮಧ್ಯೆ ಕೂತ್ಕೊ.' 'ಇವತ್ತು ಹೊಸ ಯಂತ್ರ ಬಂತು ಮಗಾ, ದುಪ್ಪಟಿ ಅದೇ ಮಡಿಸುತ್ತೆ, ನನ್ನ ಅನ್ನಕ್ಕೇ ಕಲ್ಲು ಹಾಕೋಕೆ ಬಂದಿದೆ.' 'ಅದಕ್ಕೆ ನಿನ್ನಷ್ಟು ನೀಟಾಗಿ ಮಡಿಸೋಕೆ ಬರುತ್ತಾ ಹೇಳು.' 'ಬರಲ್ಲ ಬಿಡು, ಮೂಲೆ ಸರಿ ಕೂರಿಸಲ್ಲ ಅದು.' ಮೂರು, ನಾಲ್ಕನೆಯ ವಾರಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಊರಿನ ಹವೆ, ಮೇಸ್ತ್ರಿಯ ಬೈಗುಳ, ಪಕ್ಕದ ಮನೆಯವಳ ಸೊಸೆಯ ದರ್ಬಾರು, ನಗುವ ಚಿತ್ರಗಳು. ಎಲ್ಲಿಯೂ 'ಓದ್ತಾ ಇದ್ದೀಯಾ' ಎಂಬ ಮಾತಿರಲಿಲ್ಲ. ಅದು ಎರಡನೆಯ ವಾರದಲ್ಲೇ ನಿಂತುಹೋಗಿತ್ತು.

"ನಿಮ್ಮಮ್ಮ?" ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆಯನ್ನು ಐದು ವಾರ ತಡವಾಗಿ ಕೇಳುತ್ತಿದ್ದೆ.

"ಆರನೇ ಕ್ಲಾಸಲ್ಲಿದ್ದಾಗ ಹೋದ್ರು. ಅಪ್ಪ ಇದ್ದಾರೆ, ಒಳ್ಳೆಯವರೇ. ನಾನು ಕಾಲೇಜಿಂದ ಬರೋಷ್ಟರಲ್ಲಿ ಅವರು ಕೆಲಸಕ್ಕೆ ಹೋಗಿರ್ತಿದ್ರು. ಫ್ರಿಜ್ ಮೇಲೆ ಚೀಟಿ ಅಂಟಿಸಿರ್ತಿದ್ರು, 'ಬಿಸಿ ಮಾಡ್ಕೊ' ಅಂತ. ದಿನಾ ಹೊಸ ಚೀಟಿಯೂ ಇಲ್ಲ ಮೇಡಂ, ಅದೇ ಚೀಟಿ." ಅವನು ನಕ್ಕ. ಆಮೇಲೆ ಹೇಳಿದ: "ಸೇದಿದ್ರೆ ಮನೆ ತುಂಬಿದ ಹಾಗೆ ಇರ್ತಿತ್ತು. ಈಗ ಸೇದ್ಬೇಕು ಅಂತಲೇ ಅನ್ಸಲ್ಲ. ನಿಜವಾಗ್ಲೂ. ನನ್ನ ರಿಪೋರ್ಟ್ ನೋಡಿ."

ರಿಪೋರ್ಟ್ ನೋಡುವ ಅಗತ್ಯವಿರಲಿಲ್ಲ. ಅವನು ಶುದ್ಧನಾಗಿದ್ದ, ಇನ್ನೊಬ್ಬನ ಅಮ್ಮನನ್ನು ಸೇದಿಕೊಂಡು.

ದೊಡ್ಡ ಡಾಕ್ಟರಿಗೆ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಶುಕ್ರವಾರ ಸಮಿತಿ ಏನು ನೋಡುತ್ತೆ? ಅವನ ಹಾಜರಿ, ಇವನ ಟೆಸ್ಟು. ಹಾಜರಿ ಇದೆಯಾ?"

"ಇದೆ."

"ಟೆಸ್ಟು?"

"ಕ್ಲೀನಾಗಿದೆ."

"ಮತ್ತಿನ್ನೇನಮ್ಮಾ ನಿಮ್ಮ ಸಮಸ್ಯೆ? ಇಬ್ಬರೂ ಪಾಸು!"

ಹೌದು, ಇಬ್ಬರೂ ಪಾಸು. ಬಾಯಿ ಮುಚ್ಚಿಕೊಂಡಿದ್ದರೆ ಶುಕ್ರವಾರ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ವರ್ಷದ ಪರೀಕ್ಷೆ ಬರುತ್ತದೆ, ಗೂಬೆ ಎಲ್ಲ ವಿಷಯಗಳಲ್ಲೂ ಬೀಳುತ್ತಾನೆ, ಅಮ್ಮನಿಗೆ ಗೊತ್ತಾಗುತ್ತದೆ. ಹಾಗೆ ಗೊತ್ತಾಗುವ ಮುಂಚೆ ಮಕ್ಕಳು ಏನು ಮಾಡಿಕೊಳ್ಳುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ, ಬರೆಯಲು ಇಷ್ಟವಿಲ್ಲ. ಗೂಬೆ ಆ ದಾರಿಯಲ್ಲಿ ಹೊರಟವನೇ. ಅವನಿಗೆ ಇರುವುದು ಒಂದೇ ದಾರಿ: ಫೋನು ವಾಪಸು ತೆಗೆದುಕೊಂಡು ಅಮ್ಮನಿಗೆ ತಾನೇ ಹೇಳಬೇಕು. ಫೋನು ಅವನ ಕೈಗೆ ಬಂದರೆ ಹೊಗೆಬಂಡಿಯ ಕೈ ಖಾಲಿಯಾಗುತ್ತದೆ. ಖಾಲಿ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಿಕ್ಕೆ ಪಂಡಿತರು ಬೇಕಿಲ್ಲ. ಅತ್ತ ದರಿ, ಇತ್ತ ಪುಲಿ. ಮನೆಗೆ ಹೋಗಿ ಅಕ್ಕನ ಹತ್ತಿರ ಗೊಣಗಿಕೊಂಡರೆ, "ಊರ ಮಕ್ಕಳ ಹಣೆಬರಹ ಎಲ್ಲಾ ನಿನ್ನ ತಲೆ ಮೇಲೇ ಬರೆದಿದೆಯೇನೇ? ತಟ್ಟೆ ತೊಳಿ," ಎಂದಳು. ತಟ್ಟೆ ತೊಳೆದೆ. ನಿದ್ದೆ ಮಾತ್ರ ಬರಲಿಲ್ಲ.

ಎರಡು ಮೂರು ಸಲ ಕೂರಿಸಿ ಕೇಳಿದ ಮೇಲೆ ಗೂಬೆ ಒಪ್ಪಿಕೊಂಡ. "ನೀವೇ ಹೇಳಿಬಿಡಿ ಮೇಡಂ," ಎಂದು ಗೋಗರೆದ. ನಾನು ಹೇಳುವುದಿಲ್ಲ, ಜೊತೆಗೆ ಕೂರುತ್ತೇನೆ ಎಂದೆ. ಹೊಗೆಬಂಡಿಯೂ ಇರಲಿ ಎಂದು ಅವನೇ ಕೇಳಿದ. ಆರನೆಯ ವಾರದ ಮಂಗಳವಾರ, ಮಧ್ಯಾಹ್ನ, ಆಸ್ಪತ್ರೆಯಲ್ಲಿ ಅಮ್ಮನಿಗೆ ಬಿಡುವಿರುವ ಹೊತ್ತಿಗೆ ಮೂವರೂ ನನ್ನ ಕೋಣೆಯಲ್ಲಿ ಸೇರಿದೆವು. ಹಲ್ಲಿನ ಡಾಕ್ಟರನ್ನು ಕೈಮುಗಿದು ಕೇಳಿ ಯಂತ್ರ ನಿಲ್ಲಿಸಿದ್ದೆ.

ಹೊಗೆಬಂಡಿ ಫೋನನ್ನು ಜೇಬಿನಿಂದ ತೆಗೆದು, ಅಂಗಿಯ ತುದಿಯಿಂದ ಗಾಜು ಒರೆಸಿ ಗೂಬೆಗೆ ಕೊಟ್ಟ. "ಅವರಿಗೆ ಈ ವಾರ ಮೊಣಕಾಲೂ ಹಿಡ್ಕೊಂಡಿದೆ. ಕೇಳು," ಎಂದ.

ಗೂಬೆ ಅವತ್ತು ಸೇದದೆ ಬಂದಿದ್ದ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಎತ್ತುವುದಿಲ್ಲವೇನೋ ಎನ್ನುವಷ್ಟರಲ್ಲಿ ಎತ್ತಿದಳು. ಹಿಂದೆ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು.

"ಹಲೋ," ಎಂದಳು. ತುಂಬ ಮೆಲ್ಲಗೆ, ಹೆದರಿದವಳ ಹಾಗೆ. "ಯಾರಪ್ಪಾ ಮಾತಾಡ್ತಿರೋದು?"

ಮಗನ ನಂಬರಿನಿಂದ ಬಂದ ಕರೆಗೆ ತಾಯಿ ಕೇಳುವ ಪ್ರಶ್ನೆಯೇ ಅದು? ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅಮ್ಮ, ನಾನು," ಎಂದ ಗೂಬೆ.

ಆ ಕಡೆ ಅವಳು ಎಲ್ಲೋ ನಡೆದುಹೋದಳು, ಯಂತ್ರಗಳ ಸದ್ದು ಸಣ್ಣದಾಯಿತು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ನೀನಾ? ನೀನೇನಾ ಮಗಾ?"

"ನಾನೇ. ಯಾಕೆ ಹಾಗೆ ಕೇಳ್ತೀಯಾ?"

"ಮೆಸೇಜ್ ಹಾಕ್ತಿದ್ದವನು ನೀನಲ್ಲ ಅಂತ ನನಗೆ ಗೊತ್ತು ಕಣೋ. ಎರಡನೇ ವಾರವೇ ಗೊತ್ತಾಯ್ತು. ನೀನು ಯಾವತ್ತು ನನ್ನ ಕಾಲು ಹೇಗಿದೆ ಅಂತ ಕೇಳಿದವನು?"

ಗೂಬೆ ಫೋನಿನ ಮೇಲೆ ಬಾಗಿದ. "ಗೊತ್ತಿದ್ರೆ ಕಾಲ್ ಯಾಕೆ ಮಾಡ್ಲಿಲ್ಲ? ಐದು ವಾರ ಅಮ್ಮ! ನಾನು ಎಲ್ಲಿದ್ದೀನಿ, ಇದ್ದೀನೋ ಇಲ್ವೋ ಅಂತ ನಿನಗೆ ಅನ್ನಿಸ್ಲೇ ಇಲ್ವಾ?"

"ಅನ್ನಿಸ್ತು," ಎಂದಳು. ಅಳುತ್ತಿದ್ದಳು. "ದಿನಾ ಅನ್ನಿಸ್ತು. ಕಾಲ್ ಮಾಡಿದ್ರೆ ಬೇರೆಯವರ ದನಿ ಬರುತ್ತೆ, ಬಂದ್ರೆ ನೀನೆಲ್ಲಿ ಅಂತ ಕೇಳ್ಬೇಕಾಗುತ್ತೆ, ಕೇಳಿದ್ರೆ ಅವನು ಏನು ಹೇಳಿಬಿಡ್ತಾನೋ ಅಂತ ಹೆದರಿಕೆ. ಆ ಹುಡುಗ ಮೆಸೇಜ್ ಹಾಕ್ತಿರೋವರೆಗೂ ನೀನೂ ಎಲ್ಲೋ ಚೆನ್ನಾಗಿದ್ದೀಯ ಅಂದ್ಕೊಂಡೆ. ಆಮೇಲೆ ಏನಾಯ್ತು ಅಂದ್ರೆ, ನನಗೇ ಅದು ಅಭ್ಯಾಸ ಆಗೋಯ್ತು. ಮಧ್ಯಾಹ್ನ ಆದ್ರೆ ಫೋನ್ ನೋಡೋದು. ನೋಡದಿದ್ರೆ ಕೈ ಓಡ್ತಿರ್ಲಿಲ್ಲ."

ನನ್ನ ಹದಿನೆಂಟು ವರ್ಷದ ವಿದ್ಯೆಯೆಲ್ಲ ಆ ಕ್ಷಣ ನನ್ನ ತಲೆಯಿಂದ ಇಳಿದುಹೋಯಿತು. ಈ ತಾಯಿಗೆ ನಾನು ಯಾವ ಕಾವಲು ಹಾಕಲಿ? ಗೂಬೆ ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡಿದ್ದ. ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ.

"ಅಮ್ಮ, ನಾನು ಫೇಲು. ಮೊದಲಿಂದಲೂ ಎಲ್ಲದರಲ್ಲೂ ಫೇಲು. ಪಾಸಾಯ್ತು ಅಂದಿದ್ದೆಲ್ಲ ಸುಳ್ಳು. ಈಗ ಗಾಂಜಾನೂ ಸೇದ್ತೀನಿ."

ಆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು.

"ಇನ್ನೂ ಏನಾದ್ರೂ ಇದೆಯಾ?" ಎಂದಳು.

"ಇಲ್ಲ. ಇಷ್ಟೇ."

"ಇಷ್ಟೇನಾ?" ಎಂದಳು. "ಇಷ್ಟಕ್ಕೆ ನನ್ನ ಅರ್ಧ ಜೀವ ತಿಂದ್ಯಲ್ಲೋ, ದರಿದ್ರದವನೇ. ನಾನು ಏನೇನೋ ಅಂದ್ಕೊಂಡಿದ್ದೆ." ಬೈದು ಮುಗಿಸಿ ಸುಧಾರಿಸಿಕೊಂಡಳು. "ಭಾನುವಾರ ರಜ ಇದೆ. ಬರ್ತೀನಿ. ಇರ್ತೀಯ ತಾನೇ?"

"ಇರ್ತೀನಿ," ಎಂದ ಗೂಬೆ. ಅವನ ಮೂಗಿನ ತುದಿಯಿಂದ ನೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಆ ಇನ್ನೊಬ್ಬ ಹುಡುಗ, ಅವನು ಯಾರು? ಅಲ್ಲೇ ಇದ್ದಾನಾ?"

ಹೊಗೆಬಂಡಿ ಕುರ್ಚಿಯ ತುದಿಗೆ ಬಂದ. ಬಾಯಿ ತೆರೆದಿದ್ದ. ಗೂಬೆ ಅವನನ್ನು ನೋಡಿದ, ತುಂಬ ಹೊತ್ತು ನೋಡಿದ. ತನ್ನನ್ನು ದಿನಾ ಬೆಳಿಗ್ಗೆ ನೀರು ಚಿಮುಕಿಸಿ ಎಬ್ಬಿಸಿದವನನ್ನು.

"ಇಲ್ಲಮ್ಮ," ಎಂದ. "ನಾನೊಬ್ಬನೇ ಇದ್ದೀನಿ."

ಹೊಗೆಬಂಡಿ ಸದ್ದಾಗದ ಹಾಗೆ ಎದ್ದ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡ. ನಾನು ಗೂಬೆಯ ಭುಜದ ಮೇಲೊಮ್ಮೆ ಕೈಯಿಟ್ಟು ಅವನನ್ನು ಅವನ ಅಮ್ಮನ ಜೊತೆ ಬಿಟ್ಟು ಹೊರಗೆ ಬಂದೆ. ತನಗೂ ಅಮ್ಮನಿಗೂ ನಡುವೆ ಇನ್ನು ಯಾರೂ ಬೇಡವೆಂದು ಮಗ ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಸರಿಯಾದದ್ದನ್ನು ನೋಡಿ ಇಷ್ಟು ಸಂಕಟವಾಗುವುದು ಯಾಕೆ ಎಂದು ಮಾತ್ರ ಗೊತ್ತಿರಲಿಲ್ಲ.

ಹೊಗೆಬಂಡಿ ಕಾರಿಡಾರಿನಲ್ಲಿ, ಹಲ್ಲುನೋವಿನವರ ಸಾಲಿನಲ್ಲಿ ಕೂತಿದ್ದ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತೆ.

"ಅವನು ಹೇಳಿದ್ದು ಸರಿ ಅಲ್ವಾ ಮೇಡಂ?"

"ಸರಿ ಕಣೋ."

"ನನಗೆ ಬೇಜಾರಿಲ್ಲ." ಎದುರಿನ ಗೋಡೆ ನೋಡಿದ. "ಟೆಸ್ಟು ಶುಕ್ರವಾರ. ಅಲ್ಲಿವರೆಗೂ ಹೇಗೋ ತಡೀತೀನಿ. ಅದು ಕಷ್ಟ ಇಲ್ಲ."

"ಮತ್ತೆ ಕಷ್ಟ ಯಾವುದು?"

ದವಡೆ ಊದಿಸಿಕೊಂಡ ಮುದುಕರೊಬ್ಬರು ನಮ್ಮನ್ನೇ ನೋಡುತ್ತಿದ್ದರು, ಇವನಿಗೂ ಹಲ್ಲುನೋವು ಎಂದುಕೊಂಡಿರಬೇಕು.

"ನನಗೆ ಯಾರೂ ಕೇಳದಿದ್ರೂ ನಡೆಯುತ್ತೆ ಮೇಡಂ, ಅಭ್ಯಾಸ ಇದೆ," ಎಂದ. "ನಾನು ಯಾರನ್ನ ಕೇಳ್ಲಿ, ಊಟ ಆಯ್ತಾ ಅಂತ?"

ಇಂಥ ಪ್ರಶ್ನೆಗಳಿಗೆ ನನ್ನ ಬಳಿ ಸಿದ್ಧ ಉತ್ತರಗಳು ಬಹಳ ಇವೆ. ಆಟ ಆಡು, ಗೆಳೆಯರ ಜೊತೆ ಬೆರೆ, ಅಪ್ಪನಿಗೆ ಫೋನು ಮಾಡು.

"ಗೊತ್ತಿಲ್ಲಪ್ಪ," ಎಂದೆ.